ಮಂಜಿನ ಬೆಟ್ಟ ಪ್ಲಾಸ್ಟಿಕ್ ಹಸಿರಾಗಿದ್ದು ಯಾಕೆ?

ಪ್ರಶ್ನೆ: ಜುಲೈನಲ್ಲಿ ಮನೆಯವರೆಲ್ಲ ಕುದುರೆಮುಖದ ಕಡೆ ಹೋಗಿದ್ದೆವು. ಬೆಳಿಗ್ಗೆ ಏಳು ಗಂಟೆ, ಜಿಟಿಜಿಟಿ ಮಳೆ, ಹುಲ್ಲುಬೆಟ್ಟದ ಮೇಲೆ ಮಂಜು ಹರಿದಾಡುತ್ತಿತ್ತು. ಎಷ್ಟು ನೋಡಿದರೂ ಸಾಲದು ಅನ್ನಿಸಿತ್ತು. ಮನೆಗೆ ಬಂದು ಫೋಟೋ ತೆರೆದರೆ ಎಲ್ಲ ಬೂದು ಬೂದು. ಫೋಟೋ ತಿದ್ದುವ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಬಣ್ಣ ಗಾಢ ಮಾಡುವ ಸ್ಯಾಚುರೇಶನ್, ವೈಬ್ರೆನ್ಸ್, ಮಬ್ಬು ಕಳೆಯುವ ಡಿಹೇಜ್ ಎಲ್ಲ ಏರಿಸಿದೆ. ಮಂಜು ಮಾಯ, ಹುಲ್ಲು ಪ್ಲಾಸ್ಟಿಕ್ ಚಾಪೆ! ತಂಗಿ ನೋಡಿ ‘ಇದೇನು ಬ್ಯಾಂಕಿನ ಕ್ಯಾಲೆಂಡರಾ?’ ಎಂದು ನಕ್ಕಳು. ಅಲ್ಲಿ ಕಂಡದ್ದು ಫೋಟೋದಲ್ಲಿ ಬರಬೇಕಾದರೆ ಏನು ಮಾಡಬೇಕು? ಜೊತೆಗೆ, ಇಷ್ಟೆಲ್ಲ ತಿದ್ದುವುದು ಮೋಸ ಅಲ್ವಾ? ಕ್ಯಾಮೆರಾ ತಿದ್ದದೆ ಉಳಿಸಿದ ರಾ ಫೈಲ್ ಮತ್ತು ನಾನು ತಿದ್ದಿದ ಫೋಟೋ ಎರಡನ್ನೂ ಕಳಿಸಿದ್ದೇನೆ. ಮುಂದೆ ಹಂಪಿಗೂ ಹೋಗುವವರಿದ್ದೇವೆ.

ಉತ್ತರ: ನಿಮ್ಮ ತಂಗಿಯ ಕಣ್ಣು ಚೆನ್ನಾಗಿದೆ. ಮುಂದೆಯೂ ಫೋಟೋ ಮೊದಲು ಅವರಿಗೇ ತೋರಿಸಿ.

ಎರಡೂ ಫೈಲ್ ತೆರೆದು ನೋಡಿದೆ. ಮೊದಲು ಸಮಾಧಾನದ ಮಾತು: ಮೂಲ ಫೋಟೋದಲ್ಲಿ ಎಲ್ಲವೂ ಇದೆ. ಮುಂದೆ ಒದ್ದೆ ಹುಲ್ಲು, ನಡುವೆ ಕಣಿವೆಯ ಮಡಿಕೆಯಲ್ಲಿ ಕಪ್ಪಗೆ ಕೂತ ಶೋಲಾ ಕಾಡು, ಅದರ ಅಂಚಿಗೆ ಒಂಟಿ ಮರ, ಹಿಂದೆ ಮಂಜಿನಲ್ಲಿ ಅರ್ಧ ಮುಳುಗಿದ ಎರಡು ಬೆಟ್ಟದ ಸಾಲು. ಇನ್ನೇನು ಬೇಕು? ನೀವು ಮಾಡಿದ ತಪ್ಪು ಒಂದೇ. ಬಣ್ಣ ಕಡಿಮೆ ಆಯಿತು ಅಂದುಕೊಂಡಿರಿ. ಆದರೆ ಕಡಿಮೆ ಆಗಿದ್ದು ಬಣ್ಣ ಅಲ್ಲ, ಬೆಳಕು.

ಹೇಗೆ ಅಂತ ಹೇಳುತ್ತೇನೆ. ಕ್ಯಾಮೆರಾದಲ್ಲಿ ಬೆಳಕು ಅಳೆಯುವ ಮೀಟರ್‌ಗೆ ಎದುರಿಗಿರುವುದು ಮಂಜೋ, ಸುಣ್ಣದ ಗೋಡೆಯೋ, ಎಮ್ಮೆಯೋ ತಿಳಿಯದು. ಏನು ಕೊಟ್ಟರೂ ಅದನ್ನು ನಡುಮಧ್ಯದ ಬೂದಿಗೆ ತಂದು ನಿಲ್ಲಿಸಲು ನೋಡುತ್ತದೆ. ಈಗಿನ ಮೀಟರ್‌ಗಳು ಒಂದಿಷ್ಟು ಜಾಣ, ಆದರೂ ಫ್ರೇಮಿನ ಮುಕ್ಕಾಲು ಭಾಗ ಮಂಜೇ ಇದ್ದರೆ ಮೋಸ ಹೋಗುತ್ತವೆ. ಬೆಳ್ಳಗಿನ ಮಂಜನ್ನು ಬೂದಿ ಮಾಡಿಬಿಡುತ್ತವೆ. ಅದರ ಜೊತೆಗೆ ಹುಲ್ಲು, ಮರ ಎಲ್ಲ ಒಂದು ಮೆಟ್ಟಿಲು ಕೆಳಗಿಳಿಯುತ್ತವೆ. ಆಗಲೇ ನಮಗೆ ‘ಸಪ್ಪೆ’ ಅನ್ನಿಸುವುದು. ನಿಮ್ಮ ರಾ ಫೈಲಿನಲ್ಲಿ ನಾನು ಮುಟ್ಟಿದ ಮೊದಲ ಸ್ಲೈಡರ್ ಎಕ್ಸ್‌ಪೋಶರ್, ಅಂದರೆ ಫೋಟೋದ ಒಟ್ಟು ಬೆಳಕು. ಅದನ್ನು 0.85ರಷ್ಟು ಏರಿಸಿದೆ, ಅಷ್ಟೆ. ಅರ್ಧ ಬೆಳಗಾಯಿತು. ಮಂಜು ಬೆಳ್ಳಗಾಯಿತು, ಹುಲ್ಲಿನ ಹಸಿರು ತಾನೇ ಕಣ್ಣು ಬಿಟ್ಟಿತು. ಸ್ಯಾಚುರೇಶನ್ ಇನ್ನೂ ಸೊನ್ನೆಯಲ್ಲೇ ಇತ್ತು.

ಇಲ್ಲಿ ಹಿಸ್ಟೋಗ್ರಾಮ್ ಬಗ್ಗೆ ಒಂದು ಮಾತು. ಎಡಕ್ಕೆ ಕಪ್ಪು, ಬಲಕ್ಕೆ ಬಿಳಿ, ನಡುವೆ ಯಾವ ಬೆಳಕು ಎಷ್ಟಿದೆ ಅಂತ ತೋರಿಸುವ, ಗುಡ್ಡದ ಹಾಗೆ ಕಾಣುವ ಆ ಗೆರೆ ಎಡತುದಿಯಿಂದ ಬಲತುದಿಯವರೆಗೆ ಹರಡಿರಬೇಕು ಅಂತ ಎಲ್ಲರೂ ಹೇಳಿಕೊಡುತ್ತಾರೆ. ಬಿಸಿಲಿನ ಫೋಟೋಗೆ ಅದು ಸರಿ. ಮಂಜಿನ ಫೋಟೋಗೆ ಆ ಪಾಠ ಹಚ್ಚಿದರೆ ಕೆಟ್ಟಿತು. ಮಂಜು ಅಂದರೇನೇ ಕಡುಕಪ್ಪೂ ಇಲ್ಲದ, ಕಣ್ಣು ಕುಕ್ಕುವ ಬಿಳಿಯೂ ಇಲ್ಲದ ಬೆಳಕು. ಅದರ ಗುಡ್ಡ ಕಿರಿದಾಗಿ, ನಡುವಿಗಿಂತ ಸ್ವಲ್ಪ ಬಲಕ್ಕೆ ಕೂತಿರಬೇಕು. ‘ಆಟೋ’ ಬಟನ್ ಒತ್ತಿದಾಗ ತಂತ್ರಾಂಶ ಆ ಗುಡ್ಡವನ್ನು ಎರಡೂ ಕಡೆ ಹಿಡಿದು ಎಳೆಯುತ್ತದೆ. ನಿಮ್ಮ ಡಿಹೇಜ್ ಮಾಡಿದ್ದೂ ಅದನ್ನೇ. ನೀವು ಅದನ್ನು 45ಕ್ಕೆ ಇಟ್ಟಿದ್ದಿರಿ. ಡಿಹೇಜ್ ಇರುವುದು ದೂಳು, ಮಬ್ಬು ಕಳೆಯಲಿಕ್ಕೆ. ಅದು ಕಾಂಟ್ರಾಸ್ಟ್ ಏರಿಸುತ್ತದೆ, ಬಣ್ಣವನ್ನೂ ಬಿಗಿ ಮಾಡುತ್ತದೆ. ಮಂಜು ನೋಡಲಿಕ್ಕೇ ಅಂತ ಮಳೆಯಲ್ಲಿ ನೆನೆದು, ಉಂಬಳ ಕಚ್ಚಿಸಿಕೊಂಡು ಬೆಟ್ಟ ಹತ್ತಿ, ಮನೆಗೆ ಬಂದು ಅದೇ ಮಂಜನ್ನು ಒರೆಸಿ ಹಾಕಿದ ಹಾಗಾಯಿತು!

ಮುಂದಿನದು ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನ ಬಣ್ಣಕ್ಕೆ ತಕ್ಕ ಹಾಗೆ ಫೋಟೋದ ಬಣ್ಣ ಹೊಂದಿಸುವುದು. ಫೋಟೋದ ಭಾವ ಮುಕ್ಕಾಲು ಪಾಲು ಇರುವುದು ಇಲ್ಲೇ ಅಂತ ನನ್ನ ಲೆಕ್ಕ. ಎರಡು ಸ್ಲೈಡರ್: ಒಂದು ಟೆಂಪರೇಚರ್, ನೀಲಿಯಿಂದ ಹಳದಿಗೆ. ಇನ್ನೊಂದು ಟಿಂಟ್, ಹಸಿರಿನಿಂದ ಮೆಜೆಂಟಾಗೆ. ಟೆಂಪರೇಚರ್ ಅಂಕಿ ಕೆಲ್ವಿನ್‌ನಲ್ಲಿರುತ್ತದೆ. ನಡುಹಗಲಿನ ಬಿಸಿಲು ಸುಮಾರು 5500, ಮೋಡದ ಬೆಳಕು 6500ರ ಆಸುಪಾಸು, ಹಳೆಯ ಹಳದಿ ಬಲ್ಬು ಸುಮಾರು 2800. ಅಂಕಿ ಜಾಸ್ತಿಯಾದಷ್ಟೂ ಬೆಳಕು ನೀಲಿ. ಆದರೆ ಸ್ಲೈಡರ್ ಏರಿಸಿದರೆ ಫೋಟೋ ಹಳದಿಯಾಗುತ್ತದಲ್ಲ, ಇದೇನು ಉಲ್ಟಾ ಅಂತ ಬಹಳ ಜನ ಕೇಳುತ್ತಾರೆ. ಉಲ್ಟಾ ಅಲ್ಲ. ‘ಅಲ್ಲಿದ್ದ ಬೆಳಕು ಇಷ್ಟು ನೀಲಿ’ ಅಂತ ನೀವು ತಂತ್ರಾಂಶಕ್ಕೆ ಹೇಳುತ್ತೀರಿ. ಅದನ್ನು ಸರಿದೂಗಿಸಲು ಅದು ಹಳದಿ ಸೇರಿಸುತ್ತದೆ.

ನಿಮ್ಮ ಫೋಟೋದಲ್ಲಿ ಟೆಂಪರೇಚರ್ ಬಹುಪಾಲು ಸರಿಯಾಗಿಯೇ ಇತ್ತು. ಕೆಟ್ಟಿದ್ದು ಟಿಂಟ್. ಫ್ರೇಮಿನ ತುಂಬ ಹಸಿರೇ ಇದ್ದಾಗ ಆಟೋ ವೈಟ್ ಬ್ಯಾಲೆನ್ಸ್ ಗಾಬರಿಯಾಗಿ ಮೆಜೆಂಟಾ ಸುರಿಯುವುದುಂಟು. ಅದು ಹುಲ್ಲಿನಲ್ಲಿ ಗೊತ್ತಾಗುವುದಿಲ್ಲ, ಮಂಜಿನಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮ ಮಂಜು ಲಘುವಾಗಿ ಗುಲಾಬಿಯಾಗಿದೆ, ನೋಡಿ. ಲೈಟ್‌ರೂಮ್‌ನ ಡೆವಲಪ್ ಪುಟದಲ್ಲಿ ಮಂಜಿನ ಮೇಲೆ ಮೌಸ್ ಇಟ್ಟರೆ ಹಿಸ್ಟೋಗ್ರಾಮ್ ಕೆಳಗೆ ಕೆಂಪು, ಹಸಿರು, ನೀಲಿಯ ಶೇಕಡಾ ಅಂಕಿ ಬರುತ್ತವೆ. ನಿಮ್ಮ ಫೈಲಿನಲ್ಲಿ ಕೆಂಪು 79, ಹಸಿರು 76, ನೀಲಿ 80 ಇತ್ತು. ಹಸಿರು ಹಿಂದೆ ಬಿದ್ದಿದೆ, ಅಂದರೆ ಮೆಜೆಂಟಾ ಮುಂದೆ ಬಂದಿದೆ. ಟಿಂಟ್ ಅನ್ನು ಹಸಿರಿನ ಕಡೆ ಸ್ವಲ್ಪ ಸ್ವಲ್ಪವೇ ಸರಿಸಿ 77, 78, 80ಕ್ಕೆ ತಂದು ನಿಲ್ಲಿಸಿದೆ. ನೀಲಿಯನ್ನು ಒಂದು ಕೂದಲೆಳೆಯಷ್ಟು ಮುಂದೆ ಬಿಟ್ಟಿದ್ದು ಬೇಕೆಂದೇ. ಚಳಿ ಇರುವುದು ಆ ಎರಡು ಅಂಕಿಯಲ್ಲಿ. ಮೂರನ್ನೂ ಸಮ ಮಾಡಿದರೆ ಮಂಜು ಸೀಮೆಸುಣ್ಣದ ಪುಡಿಯ ಹಾಗೆ ಕಾಣುತ್ತದೆ. ನೀಲಿಯನ್ನು 88ಕ್ಕೆ ತಂದರೆ ಹಾರರ್ ಸಿನಿಮಾ.

ಇಷ್ಟೆಲ್ಲ ಸರಾಗವಾಗಿ ಮಾಡಲು ಆಗಿದ್ದು ನೀವು ರಾ ತೆಗೆದಿದ್ದಕ್ಕೆ. 14 ಬಿಟ್ ರಾ ಫೈಲಿನಲ್ಲಿ ಕೆಂಪು, ಹಸಿರು, ನೀಲಿ ಪ್ರತಿ ಚಾನೆಲ್‌ಗೆ ಬೆಳಕಿನ 16,384 ಮೆಟ್ಟಿಲುಗಳಿರುತ್ತವೆ, ಜೆಪೆಗ್‌ನಲ್ಲಿ ಬರೀ 256. ಮಂಜಿನಂಥ ನಯವಾದ ಬೆಳಕನ್ನು ಜೆಪೆಗ್‌ನಲ್ಲಿ ಎಳೆದಾಡಿದರೆ ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ.

ಈಗ ಹಸಿರಿಗೆ ಬರೋಣ. ನಿಮ್ಮ ಪ್ಲಾಸ್ಟಿಕ್ ಚಾಪೆಯ ಗುಟ್ಟು ಇಲ್ಲಿದೆ. ಹುಲ್ಲು ಹಸಿರು ಅಂತ ನಾವು ಹೇಳುತ್ತೇವೆ, ಕ್ಯಾಮೆರಾ ಹಾಗನ್ನುವುದಿಲ್ಲ. ಹುಲ್ಲಿನ ಒಂದು ಚುಕ್ಕೆ ತೆಗೆದು ನೋಡಿ. ಹಸಿರಿನ ಪಕ್ಕದಲ್ಲೇ ಅದಕ್ಕಿಂತ ಸ್ವಲ್ಪ ಕಡಿಮೆ ಕೆಂಪು ಕೂತಿರುತ್ತದೆ, ನೀಲಿ ಎಲ್ಲೋ ತಳದಲ್ಲಿ. ಕೆಂಪು ಮತ್ತು ಹಸಿರು ಸೇರಿದರೆ ಹಳದಿ. ಅಂದರೆ ನಮ್ಮ ಹುಲ್ಲು ಅಸಲಿಗೆ ಹಸಿರು ಬೆರೆತ ಹಳದಿ. ಅದಕ್ಕೇ ಒಂದೊಂದು ಬಣ್ಣವನ್ನೂ ಬೇರೆ ಬೇರೆಯಾಗಿ ತಿದ್ದುವ ಕಲರ್ ಮಿಕ್ಸರ್‌ನಲ್ಲಿ ‘ಗ್ರೀನ್’ ಸ್ಲೈಡರ್ ಎಷ್ಟು ಎಳೆದರೂ ಹುಲ್ಲು ಜಗ್ಗುವುದಿಲ್ಲ. ‘ಯೆಲ್ಲೋ’ ಮುಟ್ಟಿದ ಕೂಡಲೇ ಇಡೀ ಬೆಟ್ಟ ಅಲುಗಾಡುತ್ತದೆ. ನೀವು ಒಟ್ಟು ಸ್ಯಾಚುರೇಶನ್ ಏರಿಸಿದಾಗ ಆ ಹಳದಿ ಮಿಶ್ರಿತ ಹಸಿರು ಉರಿಯತೊಡಗಿತು. ಗಿಳಿಹಸಿರು ಅಂತೀವಲ್ಲ, ಅದನ್ನೂ ದಾಟಿ ರೇಡಿಯಂ ಸ್ಟಿಕ್ಕರ್ ಆಯಿತು.

ಭತ್ತದ ಸಸಿಮಡಿಯ ಹಸಿರು ನೆನಪಿದೆಯಾ? ಅದು ನಿಜವಾಗಿಯೂ ಗಿಳಿಹಸಿರು. ಅದನ್ನು ಹಾಗೇ ಬಿಡಬೇಕು. ಶೋಲಾ ಕಾಡಿನದು ಕಪ್ಪು ಬೆರೆತ ಹಸಿರು, ಬಂಡೆಯ ಮೇಲಿನ ಪಾಚಿಯದು ಇನ್ನೊಂದು. ಅಡಿಕೆ ತೋಟದ ಒಳಗಿನದು ಬೇರೆಯೇ, ಅಲ್ಲಿ ಬೆಳಕೇ ಹಸಿರಾಗಿರುತ್ತದೆ. ಒಂದೇ ಸ್ಲೈಡರಿನಿಂದ ಎಲ್ಲ ಹಸಿರನ್ನೂ ಏರಿಸಿದರೆ ಇವೆಲ್ಲ ಒಂದೇ ಹಸಿರಾಗಿಬಿಡುತ್ತವೆ. ಪೇಂಟ್ ಡಬ್ಬದಲ್ಲಿ ಅದ್ದಿ ತೆಗೆದ ಹಾಗೆ. ಫೋಟೋ ಕೃತಕ ಅನ್ನಿಸುವುದು ಬಣ್ಣ ಜಾಸ್ತಿಯಾದದ್ದಕ್ಕಿಂತ ಹೆಚ್ಚಾಗಿ, ಬಣ್ಣಗಳ ನಡುವಿನ ಈ ವ್ಯತ್ಯಾಸ ಸತ್ತುಹೋದದ್ದಕ್ಕೆ.

ಹಾಗಾಗಿ ನಾನು ಮಾಡಿದ್ದು ಸೇರಿಸುವ ಕೆಲಸ ಅಲ್ಲ, ತೆಗೆಯುವ ಕೆಲಸ. ಯೆಲ್ಲೋ ಹ್ಯೂ, ಅಂದರೆ ಹಳದಿಯ ಛಾಯೆ, 12ರಷ್ಟು ಬಲಕ್ಕೆ ಸರಿಸಿದೆ. ಹುಲ್ಲಿನ ಹಳದಿ ಹಸಿರಿನ ಕಡೆ ವಾಲಿತು, ಮಳೆಗಾಲ ಬಂತು. ಯೆಲ್ಲೋ ಸ್ಯಾಚುರೇಶನ್ 22 ಇಳಿಸಿದೆ, ಗ್ರೀನ್ ಸ್ಯಾಚುರೇಶನ್ 15. ಆಮೇಲೆ ಯಾರೂ ಮುಟ್ಟದ ಮೂರನೇ ಸಾಲು, ಲ್ಯೂಮಿನೆನ್ಸ್. ಅಂದರೆ ಆ ಬಣ್ಣ ಎಷ್ಟು ತಿಳಿ, ಎಷ್ಟು ಗಾಢ ಅನ್ನುವುದು. ಗ್ರೀನ್ ಲ್ಯೂಮಿನೆನ್ಸ್ 14 ಇಳಿಸಿದೆ. ಶೋಲಾ ಕಾಡು ಥಟ್ಟನೆ ಭಾರವಾಯಿತು, ತೇವವಾಯಿತು. ಬಣ್ಣಕ್ಕೆ ತೂಕ ಬರುವುದು ಇದರಿಂದ, ಸ್ಯಾಚುರೇಶನ್‌ನಿಂದಲ್ಲ. ಇದೊಂದನ್ನು ನೀವು ಇವತ್ತೇ ಪ್ರಯೋಗ ಮಾಡಿ ನೋಡಿ: ಯಾವುದಾದರೂ ಕಾಡಿನ ಫೋಟೋದಲ್ಲಿ ಹಸಿರಿನ ಸ್ಯಾಚುರೇಶನ್ 20 ಇಳಿಸಿ, ಲ್ಯೂಮಿನೆನ್ಸ್ 20 ಇಳಿಸಿ. ನೋಡಿದವರು ‘ಎಷ್ಟು ಹಚ್ಚಗಿದೆ’ ಅನ್ನುತ್ತಾರೆ!

ಈ ಅಂಕಿಗಳನ್ನು ಬರೆದಿಟ್ಟುಕೊಂಡು ಎಲ್ಲದಕ್ಕೂ ಹಚ್ಚಬೇಡಿ. ಡಿಸೆಂಬರಿನಲ್ಲಿ ಅದೇ ಬೆಟ್ಟಕ್ಕೆ ಹೋದರೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ಆಗ ಯೆಲ್ಲೋ ಹ್ಯೂ ಎಡಕ್ಕೆ ಹೋಗಬೇಕು, ಲ್ಯೂಮಿನೆನ್ಸ್ ಏರಬೇಕು. ಪ್ರೀಸೆಟ್, ಅಂದರೆ ಎಲ್ಲ ಅಂಕಿ ಮೊದಲೇ ಇಟ್ಟ ಸಿದ್ಧ ಕಟ್ಟು, ಮಾರುವವರ ಸರಕು ನನಗೆ ಸೇರದಿರುವುದು ಇದಕ್ಕೇ. ಅವರ ‘ಮೂಡಿ ಗ್ರೀನ್’ ಹಾಕಿದರೆ ಆಗುಂಬೆಯೂ ಅಷ್ಟೆ, ಸ್ವಿಟ್ಜರ್ಲೆಂಡೂ ಅಷ್ಟೆ.

ಮುಂದೆ ಆಳ. ನಿಮ್ಮ ತಿದ್ದಿದ ಫೋಟೋದಲ್ಲಿ ಹಿಂದಿನ ಬೆಟ್ಟ ಮುಂದಿನ ಹುಲ್ಲಿನಷ್ಟೇ ಚೂಪಾಗಿದೆ. ದೂರದ್ದು ಮಾಸಿದ ಹಾಗಿದ್ದರೇ ಅದು ದೂರ ಅನ್ನಿಸುವುದು. ನಡುವಿನ ಗಾಳಿ ಬೆಳಕನ್ನು ಚದುರಿಸುತ್ತದೆ, ನೀಲಿಯನ್ನು ಹೆಚ್ಚು ಚದುರಿಸುತ್ತದೆ. ದೂರದ ಬೆಟ್ಟ ತಿಳಿಯಾಗಿ ನೀಲಿಯಾಗಿ ಕಾಣುವುದು ಅದರಿಂದ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಅನ್ನುವ ಗಾದೆ ಫೋಟೋ ತಿದ್ದುವವರಿಗೇ ಮಾಡಿದ ಹಾಗಿದೆ. ಹಾಗಾಗಿ ಫೋಟೋದ ಒಂದು ಭಾಗವನ್ನು ಮಾತ್ರ ತಿದ್ದುವ ಮಾಸ್ಕ್ ಬಳಸಿ. ಕೆಳಗಿನಿಂದ ಮೇಲಕ್ಕೆ ಒಂದು ಲೀನಿಯರ್ ಗ್ರೇಡಿಯೆಂಟ್ ಎಳೆದು, ಮುಂದಿನ ಹುಲ್ಲಿಗೆ ಮಾತ್ರ ಟೆಕ್ಸ್ಚರ್ 15, ಡಿಹೇಜ್ 8 ಕೊಟ್ಟೆ. ಮೇಲಿನಿಂದ ಇನ್ನೊಂದು ಗ್ರೇಡಿಯೆಂಟ್ ಇಳಿಸಿ, ಮಂಜಿಗೆ ಕ್ಲಾರಿಟಿ ಮೈನಸ್ 15, ಡಿಹೇಜ್ ಮೈನಸ್ 6. ಡಿಹೇಜ್ ಅನ್ನು ಸೊನ್ನೆಗಿಂತ ಕೆಳಗೂ ಇಳಿಸಬಹುದು, ಆಗ ಮಂಜು ಕೂಡುತ್ತದೆ. ಕೂಡುತ್ತದೆ ಅಂತ ಸುಮ್ನೆ ಎಳೆಯುತ್ತ ಹೋಗಬೇಡಿ, ಹೊಗೆಯಾಗುತ್ತದೆ. ಒಂಟಿ ಮರದ ಸುತ್ತ ಒಂದು ರೇಡಿಯಲ್ ಮಾಸ್ಕ್ ಇಟ್ಟು ಹಿಂದಿನ ಮಂಜನ್ನು ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಅಂದರೆ ಬೆಳಕು ಇಮ್ಮಡಿ) ಬೆಳಗಿಸಿದೆ. ಕಣ್ಣು ನೇರವಾಗಿ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಯಾಕೆ ಹೋಯಿತು ಅಂತ ನೋಡುವವರಿಗೆ ಗೊತ್ತಾಗಬಾರದು. ಗೊತ್ತಾದರೆ ಅರ್ಧ ಇಳಿಸಿ.

ಕೊನೆಗೆ ನೆರಳು, ಬೆಳಕಿಗೆ ಬೇರೆ ಬೇರೆ ಬಣ್ಣ ಬೆರೆಸುವ ಕಲರ್ ಗ್ರೇಡಿಂಗ್ ಚಕ್ರಗಳು. 2020ಕ್ಕೆ ಮೊದಲು ಲೈಟ್‌ರೂಮ್‌ನಲ್ಲಿ ಇದರ ಜಾಗದಲ್ಲಿ ಸ್ಪ್ಲಿಟ್ ಟೋನಿಂಗ್ ಅಂತ ಇತ್ತು. ನೆರಳಿಗೊಂದು, ನಡುಬಣ್ಣಕ್ಕೊಂದು, ಬೆಳಕಿಗೊಂದು ಚಕ್ರ. ನಿಮ್ಮ ಫೋಟೋಗೆ ನೆರಳಿನ ಚಕ್ರದಲ್ಲಿ ಹ್ಯೂ 215, ಸ್ಯಾಚುರೇಶನ್ 6 ಸಾಕಾಯಿತು. ಬೆಳಕಿನ ಚಕ್ರ ಮುಟ್ಟಲಿಲ್ಲ. ಈ ಸ್ಯಾಚುರೇಶನ್ ಹತ್ತು ದಾಟಿತು ಅಂದರೆ ನಾನು ಒಮ್ಮೆ ಕೈ ತೆಗೆದು ಯೋಚಿಸುತ್ತೇನೆ.

ಬಿಸಿಲಿನ ಫೋಟೋಗೆ ದಾರಿ ಬೇರೆ. ನಿಮ್ಮ ಪತ್ರದ ಕೊನೆಯಲ್ಲಿ ಹಂಪಿಗೆ ಹೋಗುವ ಮಾತಿದೆ, ಅದಕ್ಕೇ ಹೇಳುತ್ತಿದ್ದೇನೆ. ಮಾತಂಗ ಬೆಟ್ಟದ ಮೇಲೆ ಸೂರ್ಯೋದಯ ತೆಗೆದವರಲ್ಲಿ ಅರ್ಧ ಜನ ಬಂಡೆಗಳನ್ನು ಕಿತ್ತಳೆ ಹಣ್ಣು ಮಾಡಿಟ್ಟಿರುತ್ತಾರೆ. ಹಂಪಿಯ ಗ್ರಾನೈಟ್ ಬೂದು, ಅದರಲ್ಲಿ ಅಲ್ಲಲ್ಲಿ ಲಘು ಗುಲಾಬಿ. ಎಳೆಬಿಸಿಲು ಬಿದ್ದ ಮುಖ ಮಾತ್ರ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನೆರಳಿನ ಮುಖಕ್ಕೆ ಬೆಳಕು ಬರುವುದು ನೀಲಿ ಆಕಾಶದಿಂದ, ಆದ್ದರಿಂದ ಅದು ತಣ್ಣಗೇ ಇರುತ್ತದೆ. ಬೆಚ್ಚಗಿನ ಬಣ್ಣ ಬೆಚ್ಚಗೆ ಕಾಣುವುದೇ ಪಕ್ಕದಲ್ಲಿ ಈ ತಂಪು ಇರುವುದರಿಂದ. ಆಟೋ ವೈಟ್ ಬ್ಯಾಲೆನ್ಸ್ ಬೆಳಗಿನ ಆ ಬಿಸಿಯನ್ನು ‘ತಪ್ಪು’ ಅಂತ ತಿಳಿದು ಒಂದಿಷ್ಟು ತೆಗೆದುಹಾಕುತ್ತದೆ. ಅದನ್ನು ಡೇಲೈಟ್‌ಗೆ, ಅಂದರೆ 5500ಕ್ಕೆ ಇಟ್ಟುಬಿಡಿ. ಬಿಸಿಲು ತಾನೇ ವಾಪಸ್ ಬರುತ್ತದೆ, ನೆರಳು ನೀಲಿಯಾಗಿಯೇ ಉಳಿಯುತ್ತದೆ. ಅದು ಬಿಟ್ಟು ಇಡೀ ಫೋಟೋಗೆ ಹಳದಿ ಬಳಿದರೆ ಟೀ ಚೆಲ್ಲಿದ ಕಾಗದದ ಹಾಗಾಗುತ್ತದೆ.

ಇನ್ನು ಪರದೆಯ ವಿಷಯ. ಇದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಮ್ಮೆ ರಾತ್ರಿ ಹನ್ನೊಂದರ ಮೇಲೆ ಕೂತು ಒಂದು ಕೆರೆಯ ಫೋಟೋ ತಿದ್ದಿದೆ. ಬಹಳ ಚೆನ್ನಾಗಿ ಬಂದಿದೆ ಅಂತ ನನಗೆ ನಾನೇ ಬೆನ್ನು ತಟ್ಟಿಕೊಂಡು 12 ಇಂಚಿಗೆ 18 ಇಂಚಿನ ಪ್ರಿಂಟ್ ಹಾಕಿಸಿದೆ. ಬಂದದ್ದು ನೋಡಿದರೆ ಕೆರೆ, ದಡ, ಎಮ್ಮೆ, ಎಮ್ಮೆಯ ಮೇಲಿನ ಕೊಕ್ಕರೆ ಎಲ್ಲವೂ ನೀಲಿ. ಪ್ರಿಂಟ್ ಮಾಡಿದವರ ಜೊತೆ ಜಗಳಕ್ಕೆ ಹೋದೆ. ಆಮೇಲೆ ಗೊತ್ತಾಯಿತು, ಕಂಪ್ಯೂಟರಿನಲ್ಲಿ ಕಣ್ಣಿಗೆ ಹಿತವಾಗಲಿ ಅಂತ ಇಟ್ಟಿದ್ದ ನೈಟ್ ಮೋಡ್ ಚಾಲೂ ಇತ್ತು. ಪರದೆ ಹಳದಿಯಾಗಿತ್ತು, ಅದನ್ನು ಸರಿ ಮಾಡುತ್ತಿದ್ದೇನೆ ಅಂತ ನಾನು ಫೋಟೋಗೆ ನೀಲಿ ಸುರಿಯುತ್ತ ಹೋಗಿದ್ದೆ. ತಪ್ಪಾಯಿತು ಅಂತ ಕೇಳಿ ಬಂದೆ. ನೀವು ನೈಟ್ ಮೋಡ್, ಫೋನಿನ ‘ವಿವಿಡ್’ ಬಣ್ಣ ಎರಡನ್ನೂ ಆರಿಸಿಟ್ಟು ತಿದ್ದಿ. ಪರದೆಯ ಬೆಳಕು ತೀರಾ ಜಾಸ್ತಿ ಇಟ್ಟು ತಿದ್ದಿದರೆ ಪ್ರಿಂಟ್ ಕತ್ತಲಾಗಿ ಬರುತ್ತದೆ. ಬಿಳಿ ಪುಟ ತೆರೆದಾಗ ಪಕ್ಕದಲ್ಲಿಟ್ಟ ಕಾಗದದಷ್ಟೇ ಬೆಳ್ಳಗೆ ಕಂಡರೆ ಹದವಾಗಿದೆ ಅಂತ ಲೆಕ್ಕ. ಕಳಿಸುವಾಗ ಸಾಮಾನ್ಯ ಪರದೆಗಳಿಗೆ ಹೊಂದುವ ಬಣ್ಣಪದ್ಧತಿ ಎಸ್‌ಆರ್‌ಜಿಬಿಯಲ್ಲಿ ಎಕ್ಸ್‌ಪೋರ್ಟ್ ಮಾಡಿ.

ಕಣ್ಣೂ ಪರದೆಯಷ್ಟೇ ಮೋಸಗಾರ. ಇಪ್ಪತ್ತು ನಿಮಿಷ ಒಂದೇ ಫೋಟೋ ನೋಡಿದರೆ ಎಂಥ ಅತಿರೇಕವೂ ಸಹಜ ಅನ್ನಿಸಲು ಶುರುವಾಗುತ್ತದೆ. ಎದ್ದು ಹೋಗಿ ಕಾಫಿ ಕುಡಿದು ಬನ್ನಿ. ಸಾಧ್ಯವಾದರೆ ಮರುದಿನ ಬೆಳಿಗ್ಗೆ ನೋಡಿ. ನನ್ನ ಅನುಭವದಲ್ಲಿ ರಾತ್ರಿ ಮಾಡಿದ್ದರಲ್ಲಿ ಮೂರನೇ ಒಂದು ಭಾಗ ಬೆಳಿಗ್ಗೆ ವಾಪಸ್ ಇಳಿಸುವುದಿದ್ದೇ ಇದೆ.

ಫೋನಿನಲ್ಲೇ ತಿದ್ದುವುದಾದರೆ ಲೈಟ್‌ರೂಮ್ ಮೊಬೈಲಿನಲ್ಲೂ ಕಲರ್ ಮಿಕ್ಸರ್ ಇದೆ, ಮೇಲೆ ಹೇಳಿದ್ದೇ ಕ್ರಮ. ಸ್ನ್ಯಾಪ್‌ಸೀಡ್ ಆ್ಯಪ್ ಆದರೆ ‘ಸೆಲೆಕ್ಟಿವ್’ ಅನ್ನುವ ಸಾಧನ ಹುಡುಕಿ. ಹುಲ್ಲಿನ ಮೇಲೆ ಒಂದು ಚುಕ್ಕೆ ಇಟ್ಟು, ಎರಡು ಬೆರಳಿನಿಂದ ಅದರ ವ್ಯಾಪ್ತಿ ಹಿಗ್ಗಿಸಿ, ಅಲ್ಲಿಯ ಸ್ಯಾಚುರೇಶನ್ ಮಾತ್ರ ಇಳಿಸಬಹುದು. ಎಚ್‌ಡಿಆರ್ ಸ್ಕೇಪ್ ಅನ್ನುವುದನ್ನು ಮಂಜಿನ ಫೋಟೋಗೆ ಅಪ್ಪಿತಪ್ಪಿಯೂ ಮುಟ್ಟಬೇಡಿ. ದುಡ್ಡು ಕೊಡದೆ ಕಂಪ್ಯೂಟರಿನಲ್ಲಿ ಕೆಲಸ ಆಗಬೇಕೆಂದರೆ ಡಾರ್ಕ್‌ಟೇಬಲ್, ರಾಥೆರಪಿ ಇವೆ. ಕಲಿಯಲು ತಾಳ್ಮೆ ಬೇಕು, ಆದರೆ ಕೆಲಸದಲ್ಲಿ ಏನೂ ಕಡಿಮೆಯಿಲ್ಲ.

ಮೋಸ ಅಲ್ವಾ ಅಂದಿರಿ. ಅಮೆರಿಕದ ಹೆಸರಾಂತ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ 1941ರಲ್ಲಿ ನ್ಯೂ ಮೆಕ್ಸಿಕೋದ ಹರ್ನಾಂಡಿಸ್ ಎಂಬ ಹಳ್ಳಿಯ ಮೇಲೆ ಚಂದ್ರ ಮೂಡಿದ ಚಿತ್ರ ತೆಗೆದರು. ಆಮೇಲೆ ದಶಕಗಟ್ಟಲೆ ಅದೇ ನೆಗೆಟಿವ್‌ನಿಂದ ಪ್ರಿಂಟ್ ಮಾಡುತ್ತ ಹೋದರು. ಮೊದಮೊದಲ ಪ್ರಿಂಟುಗಳಲ್ಲಿ ಆಕಾಶ ಬೂದು, ಮೋಡಗಳು ಕಾಣುತ್ತವೆ. ಕೊನೆಕೊನೆಯವುಗಳಲ್ಲಿ ಆಕಾಶ ಹೆಚ್ಚುಕಡಿಮೆ ಕಪ್ಪು. ಅವರನ್ನು ಯಾರೂ ಮೋಸಗಾರ ಅನ್ನಲಿಲ್ಲ. ಇನ್ನು ನಿಮ್ಮ ಕ್ಯಾಮೆರಾ ಕೊಡುವ ಜೆಪೆಗ್ ಕೂಡ ತಿದ್ದಿದ್ದೇ. ತಿದ್ದಿದವರು ಆ ಕಂಪನಿಯ ಎಂಜಿನಿಯರ್‌ಗಳು, ಅವರು ಕುದುರೆಮುಖಕ್ಕೆ ಬಂದಿರಲಿಲ್ಲ, ನೀವು ಬಂದಿದ್ದಿರಿ. ನನ್ನ ಗೆರೆ ಎಲ್ಲಿ ಅಂದರೆ, ಇದ್ದ ಬೆಳಕನ್ನು ಏರಿಸುವುದು ಇಳಿಸುವುದು ಸರಿ, ಇಲ್ಲದ ಬೆಳಕನ್ನು ತರುವುದು ಬೇಡ. ಈಗ ಒಂದು ಬಟನ್ ಒತ್ತಿದರೆ ಆಕಾಶವೇ ಬದಲಾಗುತ್ತದೆ. ಜುಲೈನ ಒದ್ದೆ ಹುಲ್ಲಿನ ಮೇಲೆ ಜನವರಿಯ ಸೂರ್ಯಾಸ್ತ ತಂದು ಕೂರಿಸುತ್ತಾರೆ. ಸೂರ್ಯ ಎದುರಿಗಿದ್ದರೂ ಮರಕ್ಕೆ ನೆರಳೇ ಇರುವುದಿಲ್ಲ. ನೋಡುವವರಿಗೆ ಏನೋ ಎಡವಟ್ಟು ಅನ್ನಿಸುತ್ತದೆ, ಏನು ಅಂತ ಹೇಳಲು ಬರುವುದಿಲ್ಲ. ಸ್ಪರ್ಧೆಗೆ ಕಳಿಸುವುದಾದರೆ ಮಾತ್ರ ನಿಯಮ ಓದಿ. ನೇಚರ್ ವಿಭಾಗಗಳಲ್ಲಿ ಬೆಳಕು, ಬಣ್ಣ ಸಹಜವಾಗಿ ಕಾಣುವಷ್ಟು ಸರಿಪಡಿಸಲು ಸಾಮಾನ್ಯವಾಗಿ ಬಿಡುತ್ತಾರೆ, ಒಂದು ಕಡ್ಡಿ ಅಳಿಸಿದರೂ ಹೊರಗೆ.

ನೀವು ಕೇಳದೇ ಇದ್ದ ಒಂದು ವಿಷಯ ಉಳಿಯಿತು. ಮುಂದಿನ ಹುಲ್ಲಿನ ಎಡಮೂಲೆಯಲ್ಲಿ ಎಲೆಗಳ ಮೇಲೆ ಬಿಳಿ ಹೊಳಪು ಕೂತಿದೆ, ಒದ್ದೆ ಎಲೆಯಲ್ಲಿ ಆಕಾಶ ಪ್ರತಿಫಲಿಸಿದ್ದು. ಅದರ ಅಡಿಯ ಹಸಿರು ಫೈಲಿನಲ್ಲಿ ದಾಖಲೇ ಆಗಿಲ್ಲ, ಅದನ್ನು ತರುವ ಸ್ಲೈಡರ್ ಇಲ್ಲ. ನಾನು ಅಲ್ಲಿ ಹೈಲೈಟ್ಸ್ ಇಳಿಸಿ ಸುಮ್ಮನಾದೆ. ಮುಂದಿನ ಮಳೆಗಾಲಕ್ಕೆ ಒಂದು ಪೋಲರೈಸರ್ ಫಿಲ್ಟರ್ ಕೊಳ್ಳಿ. ಲೆನ್ಸಿನ ಮುಂದೆ ಹಾಕಿ ನಿಧಾನಕ್ಕೆ ತಿರುಗಿಸುತ್ತ ಹೋದರೆ ಒಂದು ಕಡೆ ಹೊಳಪು ಕಣ್ಣೆದುರೇ ಅಳಿಸಿಹೋಗುತ್ತದೆ. ಒಂದೂವರೆ ಸ್ಟಾಪಿನಷ್ಟು ಬೆಳಕು ನುಂಗುತ್ತದೆ, ಹಾಗಾಗಿ ಟ್ರೈಪಾಡ್ ಇರಲಿ. ಫಿಲ್ಟರಿನ ಗಾಜಿನ ಮೇಲೆ ಹನಿ ಕೂರುತ್ತಲೇ ಇರುತ್ತದೆ. ಜೇಬಿನಲ್ಲಿ ಎರಡು ಒಣ ಬಟ್ಟೆ ಇಟ್ಟುಕೊಳ್ಳಿ, ಒಂದು ಹತ್ತೇ ನಿಮಿಷಕ್ಕೆ ಒದ್ದೆಯಾಗುತ್ತದೆ.